ಲೋಂಡಾ ದಾಟುವ ಕಲ್ಲಿದ್ದಲು, ಉದ್ಯಮಬಾಗ್‌ನ ಬೀಡಿನ ರೇಟು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಸಣ್ಣ ಫೌಂಡ್ರಿ. ಬೆಳಿಗ್ಗೆ ಭಟ್ಟಿಗೆ ಮಾಲು ತುಂಬುವ ಹೊತ್ತು. ಮೂಲೆಯಲ್ಲಿ ಬೀಡು ಕಬ್ಬಿಣದ ಗಟ್ಟಿಗಳ ರಾಶಿ. ನೋಡಲು ಇಟ್ಟಿಗೆಗಿಂತ ಚಿಕ್ಕವು. ಎತ್ತಿದರೆ ತೋಳು ಜಗ್ಗುತ್ತದೆ. ಒರಟು ಮೈ, ಬೂದು ಬಣ್ಣ, ಅಲ್ಲಲ್ಲಿ ತುಕ್ಕು. ಪಕ್ಕದಲ್ಲಿ ಸ್ಕ್ರ್ಯಾಪ್ ಬಿದ್ದಿದೆ. ಹಳೇ ಎಂಜಿನ್ ಬ್ಲಾಕು, ಒಡೆದ ಬ್ರೇಕ್ ಡ್ರಮ್ಮು, ಶೀಟ್ ಕತ್ತರಿಸಿ ಉಳಿದ ಚೂರುಗಳು. ಇವೆಲ್ಲ ಭಟ್ಟಿಯಲ್ಲಿ ಕರಗಿ, ಮರಳಿನ ಅಚ್ಚಿಗೆ ಇಳಿದು, ಪಂಪಿನ ಕವಚವೋ ಟ್ರ್ಯಾಕ್ಟರಿನ ಬಿಡಿಭಾಗವೋ ಆಗಿ ಹೊರಬರುತ್ತವೆ.

ಅದರ ಮಾಲೀಕರು ನನಗೆ ಬಹಳ ವರ್ಷದ ಪರಿಚಯ. 2022ರ ಮಾರ್ಚ್‌ನಲ್ಲಿ ಒಮ್ಮೆ ಹೋಗಿದ್ದೆ. ಮಾತಿಗೆ ಕೂತವರು ನಿಮಿಷಕ್ಕೊಮ್ಮೆ ಮೊಬೈಲ್ ನೋಡುತ್ತಿದ್ದರು. ಡೀಲರ್ ಕಳಿಸುವ ಬೀಡಿನ ರೇಟು. 'ನಿನ್ನೆ ರೇಟಿಗೆ ಇವತ್ತ ಮಾಲು ಕೊಡೂದಿಲ್ಲ ಅಂತಾರ್ರೀ' ಎಂದರು. ಅವರಿಂದ ಎರಕದ ಮಾಲು ಕೊಳ್ಳುವ ಕಂಪನಿ ರೇಟು ಬದಲಿಸುವುದು ಮೂರು ತಿಂಗಳಿಗೊಮ್ಮೆ. ಬೀಡಿನ ರೇಟು ಬದಲಾಗುವುದು ದಿನಾ. ನಡುವಿನ ಖೋತಾ ಇವರ ತಲೆ ಮೇಲೆ. ಆ ತಿಂಗಳು ಎರಡು ಪಾಳಿಯ ಕೆಲಸ ಒಂದು ಪಾಳಿಗೆ ಇಳಿದಿತ್ತು. ಮೋಲ್ಡಿಂಗ್ ಮಾಡುವ ಹುಡುಗರಲ್ಲಿ ನಾಲ್ಕು ಜನ ಊರಿಗೆ ಹೋಗಿದ್ದರು.

ನಮ್ಮೂರಿನ ಬೀಡಿನ ರೇಟು ಎಲ್ಲಿ ಹುಟ್ಟಿತು? ಇದನ್ನು ಹುಡುಕುತ್ತಾ ಹೋದರೆ ಉಕ್ಕು ಮತ್ತು ಗಣಿಯ ದೊಡ್ಡ ಕಂಪನಿಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಅವುಗಳ ಹೆಸರಿನ ಬೋರ್ಡು ಬೆಳಗಾವಿಯಲ್ಲಿ ಕಾಣದಿರಬಹುದು. ಅವುಗಳ ಕೈ ಮಾತ್ರ ಇಲ್ಲಿಯವರೆಗೂ ಚಾಚಿದೆ.

ಬೀಡು ಅಂದರೆ ಬ್ಲಾಸ್ಟ್ ಫರ್ನೇಸ್‌ನಿಂದ ಮೊದಲು ಇಳಿಯುವ ಕಬ್ಬಿಣ. ಅದಿರು, ಕೋಕ್ (ಗಾಳಿ ತಾಕದಂತೆ ಕಾಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು), ಸುಣ್ಣದ ಕಲ್ಲು, ಈ ಮೂರು ಬೇಕು. ನಮಗೆ ಹತ್ತಿರದ ತಯಾರಕರು ಎರಡು ದಿಕ್ಕಿನಲ್ಲಿದ್ದಾರೆ. ಪೂರ್ವಕ್ಕೆ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್. ಪಶ್ಚಿಮಕ್ಕೆ ಘಟ್ಟ ಇಳಿದರೆ ಗೋವಾದ ಆಮೋಣಾದಲ್ಲಿ ವೇದಾಂತ ಗುಂಪಿನ ಸೆಸಾ. ಅದಿರಿಗೆ ಬರವಿಲ್ಲ. ಸಂಡೂರು, ಹೊಸಪೇಟೆ ಇಲ್ಲೇ ಇವೆ. ಸುಣ್ಣದ ಕಲ್ಲು, ಡಾಲೊಮೈಟ್ ಬಾಗಲಕೋಟೆಯ ಲೋಕಾಪುರ, ಕಲಾದಗಿ ಸುತ್ತಲೇ ಸಿಗುತ್ತವೆ. ತೊಂದರೆ ಇರುವುದು ಕೋಕ್‌ನಲ್ಲಿ. ಕೋಕ್ ಮಾಡಲು ಬೇಕಾದ ಒಳ್ಳೆಯ ಕಲ್ಲಿದ್ದಲು ನಮ್ಮ ದೇಶದಲ್ಲಿ ಕಡಿಮೆ. ಬೇಕಾದ್ದರಲ್ಲಿ ಸುಮಾರು 85 ಭಾಗ ಹೊರಗಿನಿಂದಲೇ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯಾದ್ದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಈ ಕಲ್ಲಿದ್ದಲಿನ ಅತಿ ದೊಡ್ಡ ಮಾರಾಟಗಾರ, ಅಲ್ಲಿನ ಗಣಿ ಕಂಪನಿ ಬಿಎಚ್‌ಪಿ ಮತ್ತು ಜಪಾನಿನ ಮಿತ್ಸುಬಿಷಿ ಸೇರಿ ನಡೆಸುವ ಜಂಟಿ ಕಂಪನಿ. 2021ರ ಮಾರ್ಚ್‌ನಲ್ಲಿ ಒಂದು ಟನ್ ಕೋಕಿಂಗ್ ಕಲ್ಲಿದ್ದಲಿನ ಬೆಲೆ 150 ಡಾಲರ್‌ಗಿಂತ ಕೆಳಗಿತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಮಾರ್ಚ್ ಮಧ್ಯಕ್ಕೆ ಅದೇ ಟನ್ 600 ಡಾಲರ್ ದಾಟಿತು. ಅಗೆಯುವ ಖರ್ಚು ಒಂದೇ ವರ್ಷದಲ್ಲಿ ನಾಲ್ಕು ಪಟ್ಟು ಆಗಿರಲಿಲ್ಲ. ಗಣಿಯೂ ಅದೇ, ಯಂತ್ರವೂ ಅದೇ. ಬದಲಾಗಿದ್ದು ಕಂಪ್ಯೂಟರ್ ಪರದೆಯ ಮೇಲಿನ ಒಂದು ಸೂಚ್ಯಂಕ. ಉದ್ಯಮಬಾಗ್‌ನಲ್ಲಿ ನನ್ನ ಗೆಳೆಯರು ಮೊಬೈಲ್ ನೋಡುತ್ತಾ ಕೂತಿದ್ದು ಇದೇ ವಾರಗಳಲ್ಲಿ.

ಇಂಥ ಸೂಚ್ಯಂಕಗಳ ಕತೆ ಸ್ವಲ್ಪ ಹೇಳಬೇಕು, ಕಬ್ಬಿಣದ ಅದಿರಿನ ಉದಾಹರಣೆಯಲ್ಲಿ. 2010ರವರೆಗೆ ಅದಿರಿನ ಬೆಲೆ ವರ್ಷಕ್ಕೊಮ್ಮೆ ಮಾತುಕತೆಯಲ್ಲಿ ತೀರ್ಮಾನವಾಗುತ್ತಿತ್ತು. ದೊಡ್ಡ ಗಣಿ ಕಂಪನಿಗಳು ಒಂದು ಕಡೆ, ಜಪಾನ್, ಕೊರಿಯಾ, ಚೀನಾದ ಉಕ್ಕಿನ ಕಂಪನಿಗಳು ಇನ್ನೊಂದು ಕಡೆ. ಒಮ್ಮೆ ಒಪ್ಪಿದರೆ ಇಡೀ ವರ್ಷ ಅದೇ ರೇಟು. ಆ ವರ್ಷ ಗಣಿ ಕಂಪನಿಗಳು ಈ ಪದ್ಧತಿಯನ್ನು ಮುರಿದವು. ಆಮೇಲೆ ದಿನದಿನದ ಮಾರುಕಟ್ಟೆ ಬೆಲೆಗೆ ಒಪ್ಪಂದಗಳು ಕಟ್ಟಿಕೊಂಡವು. ಸಿಂಗಪುರದ ಪೇಟೆಯಲ್ಲಿ ಅದಿರಿನ ಮೇಲೆ ಮುಂಗಡ ವ್ಯಾಪಾರ, ಅಂದರೆ ಮುಂದಿನ ದಿನದ ಮಾಲಿಗೆ ಈಗಲೇ ಬೆಲೆ ಕಟ್ಟುವ ವ್ಯಾಪಾರ, ಬೆಳೆಯಿತು. ದೊಡ್ಡ ಕಂಪನಿಗೆ ಇದರಿಂದ ಭಯವಿಲ್ಲ. ಅದರ ಬಳಿ ಗಣಿ ಇದೆ, ಹಡಗಿನ ಒಪ್ಪಂದ ಇದೆ, ಮುಂಗಡ ವ್ಯಾಪಾರದಲ್ಲಿ ನಷ್ಟ ತಪ್ಪಿಸಿಕೊಳ್ಳುವ ಪರಿಣತರಿದ್ದಾರೆ. ತಿಂಗಳಿಗೆ ನೂರು ಟನ್ ಎರಕ ಹೊಯ್ಯುವ ಮನುಷ್ಯನ ಬಳಿ ಮೊಬೈಲ್ ಮಾತ್ರ ಇದೆ.

ಸಿಂಗಪುರದ ಹೆಸರು ಇನ್ನೊಂದು ಕಾರಣಕ್ಕೂ ಬರುತ್ತದೆ. ಗಣಿ ಆಸ್ಟ್ರೇಲಿಯಾದಲ್ಲಿ, ಕೊಳ್ಳುವವರು ಚೀನಾ, ಭಾರತ, ಜಪಾನಿನಲ್ಲಿ. ನಡುವೆ ಮಾರಾಟದ ಕಚೇರಿ ಸಿಂಗಪುರದಲ್ಲಿ. ಆಸ್ಟ್ರೇಲಿಯಾದ ಗಣಿ ಕಂಪನಿ ಸಿಂಗಪುರದ ತನ್ನದೇ ಕಚೇರಿಗೆ ಒಂದು ಬೆಲೆಗೆ ಮಾರುತ್ತದೆ. ಆ ಕಚೇರಿ ಸ್ವಲ್ಪ ಹೆಚ್ಚಿಗೆ ಸೇರಿಸಿ ನಿಜವಾದ ಗಿರಾಕಿಗೆ ಮಾರುತ್ತದೆ. ಆ ಹೆಚ್ಚುವರಿ ಲಾಭ ಕಡಿಮೆ ತೆರಿಗೆಯ ನೆಲದಲ್ಲಿ ಉಳಿಯುತ್ತದೆ. ಕಲ್ಲಿದ್ದಲು ಮಾತ್ರ ಸಿಂಗಪುರದಲ್ಲಿ ಇಳಿಯುವುದೇ ಇಲ್ಲ. ಆಸ್ಟ್ರೇಲಿಯಾದ ತೆರಿಗೆ ಇಲಾಖೆ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿತು. 2018ರಲ್ಲಿ ಬಿಎಚ್‌ಪಿ 52.9 ಕೋಟಿ ಆಸ್ಟ್ರೇಲಿಯನ್ ಡಾಲರ್ ಕಟ್ಟಿ ವ್ಯಾಜ್ಯ ಮುಗಿಸಿಕೊಂಡಿತು. 2022ರಲ್ಲಿ ಇನ್ನೊಂದು ದೊಡ್ಡ ಗಣಿ ಕಂಪನಿ ರಿಯೊ ಟಿಂಟೊ ಕಟ್ಟಿದ್ದು ನೂರು ಕೋಟಿ ಡಾಲರ್‌ಗೆ ಸ್ವಲ್ಪ ಕಡಿಮೆ. ತಪ್ಪು ಒಪ್ಪಿಕೊಂಡು ಕಟ್ಟಿದ್ದಲ್ಲ, ರಾಜಿಯಲ್ಲಿ ಕಟ್ಟಿದ್ದು. ಆದರೂ ಗಟ್ಟಿಯಾದ ತೆರಿಗೆ ಇಲಾಖೆ ಇರುವ ಶ್ರೀಮಂತ ದೇಶಕ್ಕೇ ಇಷ್ಟು ವರ್ಷ ಹಿಡಿಯಿತು. ಬಡ ದೇಶಗಳ ಪಾಡು ನೀವೇ ಊಹಿಸಿ.

ಇನ್ನು ಆ ಕಲ್ಲಿದ್ದಲು ಬರುವ ದಾರಿ. ಮರ್ಮಗೋವಾ ಬಂದರಿನಲ್ಲಿ ಇಳಿದದ್ದು ರೈಲು ಹತ್ತುತ್ತದೆ. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟ. ಪ್ರತಿ 37 ಅಡಿಗೆ ಒಂದು ಅಡಿ ಏರು. ಹಿಂದೆ ಮುಂದೆ ಹಲವು ಎಂಜಿನ್ ಕಟ್ಟಿ, ದೂಧಸಾಗರದ ಪಕ್ಕದಲ್ಲೇ ಗಾಡಿಯನ್ನು ಮೇಲಕ್ಕೆ ನೂಕಬೇಕು. ಅಲ್ಲಿಂದ ತಿನೈಘಾಟ್, ಆಮೇಲೆ ನಮ್ಮ ಖಾನಾಪುರ ತಾಲೂಕಿನ ಲೋಂಡಾ. ಅಲ್ಲಿಂದ ಹುಬ್ಬಳ್ಳಿ, ಗದಗ, ಹೊಸಪೇಟೆ ದಾಟಿ ತೋರಣಗಲ್ಲು.

ಲೋಂಡಾ ಸ್ಟೇಷನ್‌ನಲ್ಲಿ ಮಿರಜ್ ಕಡೆಯ ಗಾಡಿ ಕಾಯುತ್ತಾ ಕೂತವರಿಗೆ ಈ ದೃಶ್ಯ ಹೊಸದಲ್ಲ. ತಂಪು ಗಾಳಿ, ಚಹಾದವನ ಕೂಗು, ಸುತ್ತ ಕಾಡು. ಅಷ್ಟರಲ್ಲಿ ಗೂಡ್ಸ್ ಬರುತ್ತದೆ. 58 ವ್ಯಾಗನ್ ಒಂದರ ಹಿಂದೊಂದು, ಮುಗಿಯುವುದೇ ಇಲ್ಲ ಅನ್ನಿಸುವ ಹಾಗೆ. ಹೋದ ಮೇಲೆ ಬೆಂಚಿನ ಮೇಲೆ ಬೆರಳು ಎಳೆದರೆ ಕಪ್ಪು ಗೆರೆ ಮೂಡುತ್ತದೆ. ನಾನು ಎಳೆದು ನೋಡಿದ್ದೇನೆ. ಇಂಥ ಒಂದು ಇಡೀ ಗಾಡಿ, ಅಂದರೆ ಒಂದು ರೇಕ್, ಹೆಚ್ಚುಕಡಿಮೆ 4,000 ಟನ್. ಒಂದು ಟನ್ ಉಕ್ಕಿಗೆ ಮುಕ್ಕಾಲು ಟನ್‌ಗಿಂತ ಸ್ವಲ್ಪ ಜಾಸ್ತಿ ಕಲ್ಲಿದ್ದಲು ಬೇಕು. ಹಾಗಾಗಿ ಹತ್ತು ಲಕ್ಷ ಟನ್ ಉಕ್ಕಿಗೆ 200 ರೇಕ್ ಆಯಿತು. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಒಂದು ಕೋಟಿ ಟನ್‌ಗೂ ಮೇಲೆ. ಅದಕ್ಕೆ ಬೇಕಾದ ಕಲ್ಲಿದ್ದಲಿನ ಒಂದು ಪಾಲು ಮಾತ್ರ ಈ ದಾರಿಯಲ್ಲಿ ಬರುತ್ತದೆ, ಉಳಿದದ್ದು ಪೂರ್ವದ ಬಂದರುಗಳಿಂದ. ಒಂದು ಪಾಲೇ ಇಷ್ಟು.

ಈ ಹಳಿಯನ್ನು ಜೋಡಿ ಹಳಿ ಮಾಡುವ ಯೋಜನೆ ಬಂದಾಗ ಗೋವಾದ ಮೊಲೆಮ್ ಕಾಡಿನ ಪರವಾಗಿ ಜನ ಎದ್ದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಳೆ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಗೋವಾದಲ್ಲಿ ಇದು ಮನೆಮಾತು. ಘಟ್ಟದ ಈ ಕಡೆ, ಖಾನಾಪುರ ಭಾಗದಲ್ಲಿ, ಅಷ್ಟು ಚರ್ಚೆ ಆಗಲಿಲ್ಲ. ಕಾಡೂ ಒಂದೇ, ಧೂಳೂ ಒಂದೇ. ನಮ್ಮ ಪತ್ರಿಕೆಗಳೂ ನಾವೂ ಇನ್ನಷ್ಟು ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಕಂಪನಿಯ ಒಳಗಿನ ರಚನೆ ನೋಡಲು ಆರ್ಸೆಲರ್‌ಮಿತ್ತಲ್ ಒಳ್ಳೆಯ ಉದಾಹರಣೆ. ಲಕ್ಷ್ಮಿ ಮಿತ್ತಲ್ 1976ರಲ್ಲಿ ಇಂಡೊನೇಷ್ಯಾದಲ್ಲಿ ಒಂದು ಸಣ್ಣ ಉಕ್ಕಿನ ಕಾರ್ಖಾನೆಯಿಂದ ಶುರು ಮಾಡಿದರು. ಆಮೇಲಿನ ದಾರಿ ಹೆಚ್ಚಾಗಿ ಕೊಳ್ಳುವ ದಾರಿ. ಟ್ರಿನಿಡಾಡ್, ಮೆಕ್ಸಿಕೊ, ಕಝಾಕಸ್ತಾನ್. ಸರ್ಕಾರಗಳು ನಡೆಸಲಾರದೆ ಕೈಚೆಲ್ಲಿದ ಕಾರ್ಖಾನೆಗಳನ್ನು ಅಗ್ಗಕ್ಕೆ ಕೊಂಡು, ಸರಿಪಡಿಸಿ, ಲಾಭಕ್ಕೆ ತರುವುದು. ಇದು ಸುಲಭದ ಕೆಲಸವಲ್ಲ, ಆ ಜಾಣ್ಮೆಯನ್ನು ಒಪ್ಪಲೇಬೇಕು. 2006ರಲ್ಲಿ ಯುರೋಪಿನ ಆರ್ಸೆಲರ್ ಅನ್ನೇ ಕೊಂಡರು. ಕೇಂದ್ರ ಕಚೇರಿ ಲಕ್ಸೆಂಬರ್ಗ್‌ನಲ್ಲಿ. ಆ ದೇಶದ ಒಟ್ಟು ಜನಸಂಖ್ಯೆ ನಮ್ಮ ಬೆಳಗಾವಿ ಜಿಲ್ಲೆಯದಕ್ಕಿಂತ ಎಷ್ಟೋ ಕಡಿಮೆ.

ಇವರ ಲೈಬೀರಿಯಾದ ಒಪ್ಪಂದ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. 2005ರಲ್ಲಿ, ಅಂತರ್ಯುದ್ಧ ಮುಗಿದು ಇನ್ನೂ ಹಂಗಾಮಿ ಸರ್ಕಾರ ಇದ್ದಾಗ, ಮಿತ್ತಲ್ ಕಂಪನಿ ಅಲ್ಲಿನ ಅದಿರಿಗೆ ಸಹಿ ಹಾಕಿತು. ಒಪ್ಪಂದದ ಒಂದು ಕಲಮು ಹೀಗಿತ್ತು. ಅಗೆದ ಅದಿರನ್ನು ತನ್ನದೇ ಗುಂಪಿನ ಕಂಪನಿಗೆ ಮಾರುವಾಗ ಬೆಲೆ ಎಷ್ಟು ಅಂತ ಕಂಪನಿಯೇ ನಿರ್ಧರಿಸಬಹುದು. ಅಗೆದ ಅದಿರಿಗೆ ಸರ್ಕಾರಕ್ಕೆ ಕೊಡುವ ರಾಯಧನದ ಲೆಕ್ಕ ಹಾಕುವುದು ಆ ಬೆಲೆಯ ಮೇಲೆ. ಬೆಲೆ ಕಡಿಮೆ ಬರೆದರೆ ದೇಶದ ಪಾಲೂ ಕಡಿಮೆ. ಬುಕಾನನ್ ಬಂದರು, ಗಣಿಯಿಂದ ಅಲ್ಲಿಗೆ ಹೋಗುವ ರೈಲು ಹಳಿ, ಎರಡೂ ಕಂಪನಿಯ ಕೈಗೆ ಹೋಗುತ್ತಿದ್ದವು. ಗ್ಲೋಬಲ್ ವಿಟ್ನೆಸ್ ಅನ್ನುವ ಸಂಸ್ಥೆ 2006ರಲ್ಲಿ ಇದನ್ನು ಬಯಲಿಗೆ ತಂದಿತು. ಹೊಸದಾಗಿ ಆಯ್ಕೆಯಾಗಿದ್ದ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಮತ್ತೆ ಮಾತುಕತೆಗೆ ಕೂತರು. ಅದಿರಿಗೆ ಮಾರುಕಟ್ಟೆ ಬೆಲೆ, ಹಳಿ ಮತ್ತು ಬಂದರು ಸರ್ಕಾರದ್ದು ಅಂತ ಬದಲಾಯಿತು. ಕಂಪನಿ ಓಡಿಹೋಗಲಿಲ್ಲ. ಒಪ್ಪಿಕೊಂಡು ಅಲ್ಲೇ ಉಳಿಯಿತು, ಅದಿರು ತೆಗೆಯಿತು. 'ಷರತ್ತು ಹಾಕಿದರೆ ಹೂಡಿಕೆ ಬೇರೆ ರಾಜ್ಯಕ್ಕೆ ಹೋಗುತ್ತೆ' ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಯುದ್ಧದಿಂದ ಬಸವಳಿದಿದ್ದ ಆ ಪುಟ್ಟ ದೇಶ ನೆನಪಾಗುತ್ತದೆ.

ನಮ್ಮಲ್ಲಿ ರಾಯಧನದ ಲೆಕ್ಕ ಇದಕ್ಕಿಂತ ಬಿಗಿ. ಅದಿರಿಗೆ ಶೇ 15. ಅದೂ ಕಂಪನಿ ಹೇಳಿದ ಬೆಲೆಯ ಮೇಲಲ್ಲ. ಭಾರತೀಯ ಗಣಿ ಬ್ಯೂರೊ ಪ್ರತಿ ತಿಂಗಳು ರಾಜ್ಯವಾರು ಸರಾಸರಿ ಬೆಲೆ ಪ್ರಕಟಿಸುತ್ತದೆ, ಅದರ ಮೇಲೆ. ಸ್ವಂತ ಕಾರ್ಖಾನೆಗೆ ಅದಿರು ಒಯ್ದರೂ ಅದೇ ಲೆಕ್ಕ. ಒಂದು ಸಂದು ಮಾತ್ರ ಉಳಿದಿದೆ. ಆ ಸರಾಸರಿ ಹುಟ್ಟುವುದು ಗಣಿಯವರು ತಾವೇ ಸಲ್ಲಿಸುವ ಲೆಕ್ಕಪತ್ರಗಳಿಂದ. ಹಾಗಾಗಿ ಆ ಪತ್ರಗಳನ್ನು ಯಾರು, ಎಷ್ಟು ಚೆನ್ನಾಗಿ ಪರಿಶೀಲಿಸುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬಳ್ಳಾರಿಯಲ್ಲಿ ಆಗಿದ್ದನ್ನು ಕಂಡ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿತು. ಸಂಡೂರಿನ ಅದಿರು ಬೇಲೆಕೇರಿ ಬಂದರಿನವರೆಗೆ ಹೋಗಿದ್ದು ಇದೇ ಹುಬ್ಬಳ್ಳಿ ಕಡೆಯ ರಸ್ತೆಗಳಲ್ಲಿ, ಎಲ್ಲರ ಕಣ್ಣೆದುರೇ ಅಲ್ವಾ?

ಈಗ ನೆಲದ ಮಾತಿಗೆ ಬರೋಣ. 2010ರಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ಎರಡು ದೊಡ್ಡ ಹೆಸರು ಬಂದವು. ಆರ್ಸೆಲರ್‌ಮಿತ್ತಲ್ ಬಳ್ಳಾರಿಯ ಕುಡತಿನಿ ಬಳಿ 60 ಲಕ್ಷ ಟನ್ ಕಾರ್ಖಾನೆ ಅಂದಿತು. ಕೊರಿಯಾದ ಪೋಸ್ಕೊ ಗದಗ ಜಿಲ್ಲೆಯ ಹಳ್ಳಿಗುಡಿ ಬಳಿ ಅಷ್ಟೇ ದೊಡ್ಡ ಕಾರ್ಖಾನೆ ಅಂದಿತು. ಹಳ್ಳಿಗುಡಿಯ ರೈತರು ಒಪ್ಪಲಿಲ್ಲ. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಲ್ಲಿನ ಎರೆ ಹೊಲದಲ್ಲಿ ಇವತ್ತಿಗೂ ಕಡಲೆ, ಜೋಳ ಬೆಳೆಯುತ್ತಾರೆ.

ಕುಡತಿನಿಯಲ್ಲಿ ಬೇರೆಯೇ ಆಯಿತು. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ಸಾವಿರಾರು ಎಕರೆ ಹೊಲ ಸ್ವಾಧೀನವಾಯಿತು. ಕಾರ್ಖಾನೆ ಬರಲಿಲ್ಲ. ಆರ್ಸೆಲರ್‌ಮಿತ್ತಲ್ 2019ರಲ್ಲಿ ನಿಪ್ಪಾನ್ ಸ್ಟೀಲ್ ಜತೆ ಸೇರಿ, ದಿವಾಳಿಯಾಗಿದ್ದ ಎಸ್ಸಾರ್ ಸ್ಟೀಲ್ ಅನ್ನು ಸುಮಾರು 42,000 ಕೋಟಿ ರೂಪಾಯಿಗೆ ಕೊಂಡಿತು. ಗುಜರಾತಿನ ಹಜೀರಾದಲ್ಲಿ ಸಿದ್ಧ ಕಾರ್ಖಾನೆ, ಪಕ್ಕದಲ್ಲೇ ಸಮುದ್ರ. ಕಂಪನಿಯ ಲೆಕ್ಕದಲ್ಲಿ ಇದು ಸರಿಯಾದ ತೀರ್ಮಾನ. ಕುಡತಿನಿಯ ಹೊಲ ಅವರ ಲೆಕ್ಕಪುಸ್ತಕದಲ್ಲಿ ಹಲವು ದಾರಿಗಳಲ್ಲಿ ಒಂದು. ಮತ್ತೊಂದು ದಾರಿ ಸಿಕ್ಕರೆ ಇದನ್ನು ಹಾಗೇ ಬಿಟ್ಟಿಡಬಹುದು. ರೈತನಿಗೆ ಹಾಗೆ ಬಿಟ್ಟಿಡಲು ಬೇರೆ ಹೊಲವಿಲ್ಲ. ಹಣ ಬಂತು, ಖರ್ಚಾಯಿತು. ಉದ್ಯೋಗ ಬರಲಿಲ್ಲ. 2022ರ ಡಿಸೆಂಬರ್‌ನಿಂದ ಕುಡತಿನಿಯಲ್ಲಿ ಧರಣಿ ಶುರುವಾಗಿ ವರ್ಷಗಳು ಉರುಳಿದವು.

ನಾನು ಹೇಳಬೇಕೆಂದಿದ್ದು ಇಲ್ಲಿದೆ. ಇಂಥ ಕಂಪನಿ ಸರಿಸಲು ಬರುವುದನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಹಣ, ಒಪ್ಪಂದ, ಮಾರಾಟದ ಕಚೇರಿ, ಶೇರು. ಸರಿಸಲು ಬಾರದ್ದು ಸ್ಥಳೀಕರ ಪಾಲು. ಹೊಲ, ನೀರು, ಗಣಿಯ ಗುಂಡಿ, ಧೂಳು, ಕೆಲಸ ಕಳೆದುಕೊಂಡ ಕುಟುಂಬ. ಇದರಲ್ಲಿ ಯಾರ ದುಷ್ಟತನವನ್ನೂ ಹುಡುಕಬೇಕಿಲ್ಲ. ಅದರ ರಚನೆಯೇ ಹಾಗಿದೆ. ಹಾಗಾಗಿ ಒಪ್ಪಂದದ ಕಾಗದ ಬಂದಾಗ ಎಷ್ಟು ಕೋಟಿ ಅನ್ನುವುದಕ್ಕಿಂತ ಮೊದಲು, ಸರಿಸಲು ಬಾರದ್ದಕ್ಕೆ ಯಾರು ಜವಾಬ್ದಾರಿ ಅಂತ ಓದಬೇಕು.

ನೀರನ್ನೇ ತೆಗೆದುಕೊಳ್ಳಿ. ತೋರಣಗಲ್ಲಿನ ಕಾರ್ಖಾನೆಗೆ ತುಂಗಭದ್ರೆಯ ಜತೆ ನಮ್ಮ ಆಲಮಟ್ಟಿಯ ನೀರೂ ಕೊಳವೆಯಲ್ಲಿ ಹೋಗುತ್ತದೆ. ಆಲಮಟ್ಟಿ ಅಂದರೆ ಬಾಗಲಕೋಟೆಯವರಿಗೆ ಬರೀ ಡ್ಯಾಮ್ ಅಲ್ಲ. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋಗಿವೆ. ನವನಗರ ಹುಟ್ಟಿದ್ದೇ ಆ ನೋವಿನಿಂದ. ಈಗ ಅಣೆಕಟ್ಟಿನ ಎತ್ತರವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು 75,000 ಎಕರೆಗೂ ಹೆಚ್ಚು ಜಮೀನು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಅಂತ ತೀರ್ಮಾನಿಸಿತು. ಬೀಳಗಿ ಕಡೆಯ ರೈತನ ಹೊಲ ಮುಳುಗಿ ನಿಂತ ನೀರಲ್ಲಿ ಒಂದು ಪಾಲು ಉಕ್ಕಿಗೆ ಹೋಗುತ್ತದೆ. ಬಳ್ಳಾರಿಯ ಉಕ್ಕಿನ ಒಪ್ಪಂದ ನಡೆಯುವ ಕೋಣೆಯಲ್ಲಿ ಬಾಗಲಕೋಟೆ, ವಿಜಯಪುರದವರಿಗೆ ಕುರ್ಚಿ ಇರುವುದಿಲ್ಲ.

ಅನಾಹುತ ಆದಾಗ ಈ ರಚನೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2015ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮರಿಯಾನಾದಲ್ಲಿ ಗಣಿಯ ಕೆಸರು ತುಂಬಿದ ಅಣೆಕಟ್ಟು ಒಡೆದು 19 ಜನ ಸತ್ತರು. ಗಣಿ ಸಮಾರ್ಕೊ ಅನ್ನುವ ಕಂಪನಿಯದು. ಅದರ ಒಡೆಯರು ಅರ್ಧರ್ಧ ಬ್ರೆಜಿಲ್‌ನ ವಾಲೆ ಕಂಪನಿ ಮತ್ತು ಬಿಎಚ್‌ಪಿ. ಸಂತ್ರಸ್ತರು ಲಂಡನ್ ಕೋರ್ಟಿಗೆ ಹೋಗಬೇಕಾಯಿತು. ಬಿಎಚ್‌ಪಿ ಹೊಣೆ ಅಂತ ಅಲ್ಲಿ ತೀರ್ಪು ಬರಲು 2025ರ ನವೆಂಬರ್‌ವರೆಗೆ, ಹತ್ತು ವರ್ಷ ಹಿಡಿಯಿತು. ವೇದಾಂತದ ತಾಮ್ರದ ಗಣಿಯಿಂದ ನದಿ ಕೆಟ್ಟಿತೆಂದು ಝಾಂಬಿಯಾದ ಚಿಂಗೋಲಾ ಹಳ್ಳಿಗರೂ ಹೀಗೇ ಇಂಗ್ಲೆಂಡಿಗೆ ಹೋದರು. ಮೂಲ ಕಂಪನಿಯ ಮೇಲೆ ಇಲ್ಲೇ ದಾವೆ ಹೂಡಬಹುದು ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಹೇಳಿತು. ಕಝಾಕಸ್ತಾನದ ಕೊಸ್ಟೆಂಕೊ ಗಣಿಯಲ್ಲಿ 2023ರ ಅಕ್ಟೋಬರ್‌ನಲ್ಲಿ 46 ಕಾರ್ಮಿಕರು ಸತ್ತರು. ಅದೇ ವರ್ಷ ಡಿಸೆಂಬರ್‌ನಲ್ಲಿ ಆರ್ಸೆಲರ್‌ಮಿತ್ತಲ್ ಅಲ್ಲಿನ ವ್ಯವಹಾರ ಮಾರಿ ಹೊರಬಂದಿತು. 28 ವರ್ಷ ಅಲ್ಲಿತ್ತು.

ಇದೆಲ್ಲ ಹೊರಗಿನವರ ಗುಣ, ನಮ್ಮವರು ಬೇರೆ ಅಂದುಕೊಂಡರೆ ತಪ್ಪು. ಟಾಟಾ ಸ್ಟೀಲ್ 2007ರಲ್ಲಿ ಬ್ರಿಟನ್ನಿನ ಕೋರಸ್ ಕೊಂಡಾಗ ನಾವೆಲ್ಲ ಹೆಮ್ಮೆ ಪಟ್ಟೆವು. ನಾನೂ ಪಟ್ಟಿದ್ದೆ. 2024ರ ಸೆಪ್ಟೆಂಬರ್ 30ರಂದು ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನ ಕೊನೆಯ ಬ್ಲಾಸ್ಟ್ ಫರ್ನೇಸ್ ಆರಿತು. ಬ್ರಿಟನ್ನಿನಲ್ಲಿ ಒಟ್ಟು 2,800 ಕೆಲಸ ಹೋಗುತ್ತವೆ ಅಂತ ಕಂಪನಿ ಹೇಳಿತ್ತು. ವಿದ್ಯುತ್ ಭಟ್ಟಿ ಕಟ್ಟಲು ಅಲ್ಲಿನ ಸರ್ಕಾರ 50 ಕೋಟಿ ಪೌಂಡ್ ಕೊಡಬೇಕಾಯಿತು. ಆ ಊರಿನ ಕಾರ್ಮಿಕನ ಕಣ್ಣಿಗೆ ಮುಂಬೈ ಅಂದರೆ, ನಮ್ಮ ಕಣ್ಣಿಗೆ ಲಕ್ಸೆಂಬರ್ಗ್ ಇದ್ದ ಹಾಗೆ. ದೂರದಲ್ಲಿ ಎಲ್ಲೋ ಕೂತು ತನ್ನ ಬಾಳು ತೀರ್ಮಾನಿಸುವ ಊರು.

ಬೆಳಗಾವಿಗೆ ಈ ಅನುಭವ ಮೊದಲೇ ಆಗಿದೆ. ಉಕ್ಕಿನಲ್ಲಲ್ಲ, ಅಲ್ಯೂಮಿನಿಯಂನಲ್ಲಿ. ಯಮನಾಪುರದ ಕಾರ್ಖಾನೆಯನ್ನು ಹಳಬರು ಇವತ್ತಿಗೂ ಇಂಡಾಲ್ ಅಂತಲೇ ಕರೆಯುತ್ತಾರೆ. ಅದು ಕೆನಡಾದ ಆಲ್ಕನ್ ಕಂಪನಿಯ ಕೈಯಲ್ಲಿತ್ತು. 1960ರ ದಶಕದ ಕೊನೆಗೆ ಇಲ್ಲಿ ಶುರುವಾದಾಗ ಊರಿಗೆ ಒಳ್ಳೆಯ ಸಂಬಳದ ಕೆಲಸ ಬಂತು. ಬಾಕ್ಸೈಟ್ ಬರುತ್ತಿದ್ದುದು ಕೊಲ್ಹಾಪುರ ಜಿಲ್ಲೆಯ ದುರ್ಗಮಾನವಾಡಿಯಿಂದ. 2000ದಲ್ಲಿ ಆಲ್ಕನ್ ತನ್ನ ಪಾಲನ್ನು ಹಿಂಡಾಲ್ಕೊಗೆ ಮಾರಿತು. 2007ರಲ್ಲಿ ಹಿಂಡಾಲ್ಕೊ ಅಮೆರಿಕದ ನೊವೆಲಿಸ್ ಅನ್ನು ಕೊಂಡಿತು. ನೊವೆಲಿಸ್ ಅದಕ್ಕೂ ಎರಡು ವರ್ಷ ಮೊದಲು ಆಲ್ಕನ್‌ನಿಂದಲೇ ಒಡೆದು ಬೇರೆಯಾದ ಕಂಪನಿ. 2007ರಲ್ಲೇ ಉಳಿದ ಆಲ್ಕನ್ ಅನ್ನು ರಿಯೊ ಟಿಂಟೊ ನುಂಗಿತು. ಇಷ್ಟೆಲ್ಲ ಕೈ ಬದಲಾದರೂ ಯಮನಾಪುರದಲ್ಲಿ ಕಾರ್ಖಾನೆ ಅದೇ ಜಾಗದಲ್ಲಿ. ಅಲ್ಯೂಮಿನಿಯಂ ತೆಗೆಯುವ ಸ್ಮೆಲ್ಟರ್ ನಿಂತು ಬಹಳ ಕಾಲವಾಯಿತು. ಈಗ ಅಲ್ಲಿ ಅಲ್ಯೂಮಿನಾ ಪುಡಿ ತಯಾರಾಗುತ್ತದೆ. ಒಂದು ಟನ್ ಅಲ್ಯೂಮಿನಾಕ್ಕೆ ಒಂದು ಟನ್‌ಗೂ ಹೆಚ್ಚು ಕೆಂಪು ಕೆಸರು ಉಳಿಯುತ್ತದೆ. ಕಂಪನಿಗಳು ಮಾಂಟ್ರಿಯಲ್, ಲಂಡನ್, ಮುಂಬೈ ಅಂತ ಕೈ ಬದಲಿಸಿದಾಗ ಆ ಕೆಸರು ಜತೆಗೆ ಹೋಗಲಿಲ್ಲ.

ಕೊನೆಗೆ ತೆರಿಗೆಯ ವಿಷಯ. ಇದು ನಮ್ಮ ಊರಿನಲ್ಲೇ ನಡೆದದ್ದು. 2024ರ ಜುಲೈ 25ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1 ಬಹುಮತದಲ್ಲಿ ಒಂದು ಮಾತು ಹೇಳಿತು. ರಾಯಧನ ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು. ಅದೇ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಕರ್ನಾಟಕ ಖನಿಜ ಹಕ್ಕು ಮತ್ತು ಖನಿಜ ಭೂಮಿ ತೆರಿಗೆಯ ಮಸೂದೆಗೆ ಒಪ್ಪಿಗೆ ಸಿಕ್ಕಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. ಆ ದಿನಗಳಲ್ಲಿ ಸೌಧದ ಹೊರಗೆ ಕಬ್ಬಿನ ಬೆಲೆಗೆ, ಮೀಸಲಾತಿಗೆ ಧರಣಿಗಳಿದ್ದವು, ಟಿವಿಯವರ ಕ್ಯಾಮೆರಾ ಅಲ್ಲಿತ್ತು. ಈ ಮಸೂದೆ ಬಗ್ಗೆ ಮಾತಾಡಿದವರು ಕಡಿಮೆ. ಆದರೆ ಅದಿರಿನ ಮೇಲೆ ತೆರಿಗೆ ಬಂದರೆ ಅದು ಬೀಡಿನ ರೇಟಿಗೆ ಸೇರುತ್ತದೆ. ದೊಡ್ಡ ಕಂಪನಿ ಅದನ್ನು ಮುಂದಕ್ಕೆ ದಾಟಿಸುತ್ತದೆ. ಫೌಂಡ್ರಿಯವರು ಯಾರಿಗೆ ದಾಟಿಸಬೇಕು? ನಾನು ಆ ತೆರಿಗೆಯ ಪರ. ರಾಜ್ಯದ ಪಾಲು ರಾಜ್ಯಕ್ಕೆ ಬರಲಿ. ಜತೆಗೆ ಸಣ್ಣ ಘಟಕಗಳಿಗೆ ಏನು ಆಸರೆ ಅನ್ನುವುದೂ ಅದೇ ಸೌಧದಲ್ಲಿ ಚರ್ಚೆಯಾಗಲಿ.

ಜಿಲ್ಲಾ ಖನಿಜ ನಿಧಿಯ ಲೆಕ್ಕವೂ ಹೀಗೇ. 2015ರ ಕಾನೂನು ತಿದ್ದುಪಡಿಯಿಂದ ಬಂದ ನಿಧಿ ಇದು. ಹಳೇ ಗಣಿಗಳು ರಾಯಧನದ ಶೇ 30ರಷ್ಟು, ಹರಾಜಿನ ಗಣಿಗಳು ಶೇ 10ರಷ್ಟು ಕೊಡಬೇಕು. ಒಳ್ಳೆಯ ಕಾನೂನು. 2024ರ ಹೊಸ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರ್ ಒಳಗಿನದು ಪರೋಕ್ಷ. ಲೋಂಡಾ ಸಂಡೂರಿನಿಂದ ಇನ್ನೂರು ಕಿಲೋಮೀಟರ್‌ಗೂ ದೂರ. ಅಲ್ಲಿ ಹಾರುವ ಧೂಳು ಯಾವ ಗಣಿಯ ಧೂಳೂ ಅಲ್ಲ, ಆಸ್ಟ್ರೇಲಿಯಾದ ಕಲ್ಲಿದ್ದಲಿನದು. ಯಾವ ನಿಧಿಗೂ ಅದು ಲೆಕ್ಕಕ್ಕಿಲ್ಲ. ಸಾಗಣೆಯ ದಾರಿಯ ಊರುಗಳನ್ನೂ ಸೇರಿಸಿ ಅಂತ ಕೇಳಲು ಖಾನಾಪುರದ ಪಂಚಾಯಿತಿಗಳಿಗೆ ಹಕ್ಕಿದೆ. ಒಂದು ಠರಾವು ಬರೆದು ಕಳಿಸಲು ಕೋಟಿ ರೂಪಾಯಿ ಬೇಕಿಲ್ಲ.

ಕಳೆದ ತಿಂಗಳು ಮತ್ತೆ ಉದ್ಯಮಬಾಗ್‌ಗೆ ಹೋಗಿದ್ದೆ. ಗೆಳೆಯರು ಈಗ ಕೊಟೇಷನ್ ಕೆಳಗೆ ಒಂದು ಸಾಲು ಸೇರಿಸಿದ್ದಾರೆ. 'ಬೀಡಿನ ರೇಟು ಶೇ 5ಕ್ಕಿಂತ ಹೆಚ್ಚು ಏರಿದರೆ ದರ ಬದಲಾಗುತ್ತದೆ.' ಅವರ ಮೂರು ಗಿರಾಕಿಗಳಲ್ಲಿ ಒಬ್ಬರು ಒಪ್ಪಿದ್ದಾರಂತೆ. ಇನ್ನಿಬ್ಬರ ಜತೆ ಮಾತು ನಡೆದಿದೆ. ಮಾತಾಡುತ್ತಲೇ ಎದ್ದು ಹೋಗಿ, ಆ ದಿನದ ಹೀಟ್‌ಗೆ, ಅಂದರೆ ಭಟ್ಟಿಯಲ್ಲಿ ಒಂದು ಸಲ ಕರಗಿಸುವ ಮಾಲಿಗೆ, ಎಷ್ಟು ಬೀಡು, ಎಷ್ಟು ಸ್ಕ್ರ್ಯಾಪ್ ಹಾಕಬೇಕು ಅಂತ ಗೋಡೆಯ ಹಲಗೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ಬಂದರು. ಬೀಡಿನ ಅಂಕಿ ಮೊದಲಿಗಿಂತ ಕಡಿಮೆ ಮಾಡಿದ್ದರು.